ಕಾಡು, ತೋಟ, ಕಟ್ಟಿಗೆ: ನಮ್ಮ ಜಿಲ್ಲೆಯ ಇಂಧನದ ಲೆಕ್ಕ

ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ಉತ್ತರ ಕನ್ನಡದಲ್ಲಿ ಇಂಧನದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ದಾಖಲೆಯ ಪ್ರಕಾರ ಜಿಲ್ಲೆಯ ನೂರಕ್ಕೆ 80 ಪಾಲು ಕಾಡು. ಉಳಿದದ್ದರಲ್ಲಿ ಅಡಿಕೆ, ತೆಂಗು, ಭತ್ತ, ಹಳಿಯಾಳದ ಕಡೆ ಕಬ್ಬು. ಮಳೆಗಾಲ ಮುಗಿದ ಮೇಲೆ ನೋಡಿದರೆ ಬೇಲಿಯ ಗೂಟವೂ ಚಿಗುರಿರುತ್ತದೆ. ಇಷ್ಟು ಬೆಳೆಯುವ ನೆಲದಲ್ಲಿ ಕೂತು ನಾವು ಗ್ಯಾಸು, ಡೀಸೆಲ್ಲು, ಕರೆಂಟಿಗೆ ಹೊರಗಿನ ದಾರಿ ಕಾಯಬೇಕೆ? ಕಾಡು ಮತ್ತು ತೋಟವೇ ನಮ್ಮ ಇಂಧನವನ್ನು ಕೊಡಲಾರವೆ?

ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಮಾತ್ರ ತೂಕ, ಅಳತೆ ಬೇಕು. ಹಾಗಾಗಿ ಮೊದಲು ಐದು ಸಂಖ್ಯೆ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ, ಅಂದರೆ ತೇವ ನೂರಕ್ಕೆ 15–20 ಪಾಲಿಗೆ ಇಳಿದಿರುವಾಗ, ಸುಮಾರು 15 ಮೆಗಾಜೂಲ್ ಶಾಖ ಇರುತ್ತದೆ. ಅದೇ ಕಟ್ಟಿಗೆ ಹಸಿಯಿದ್ದು ಅರ್ಧಕ್ಕರ್ಧ ನೀರೇ ಆಗಿದ್ದರೆ ಕಿಲೋಗೆ 8 ಮೆಗಾಜೂಲ್ ಸಿಕ್ಕಿದರೆ ಹೆಚ್ಚು. ಅಡುಗೆ ಗ್ಯಾಸು ಕಿಲೋಗೆ 45ರ ಆಸುಪಾಸು. ಡೀಸೆಲ್ ಲೀಟರಿಗೆ ಸುಮಾರು 36. ಒಂದು ಯೂನಿಟ್ ಕರೆಂಟ್ ಅಂದರೆ 3.6 ಮೆಗಾಜೂಲ್. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆಯೇ ನಿಂತಿದೆ.

ನಮ್ಮ ದೇಶದಲ್ಲಿ ಸರಾಸರಿ ಒಬ್ಬ ಮನುಷ್ಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 25 ಗಿಗಾಜೂಲ್, ಅಂದರೆ 25 ಸಾವಿರ ಮೆಗಾಜೂಲ್, ಇಂಧನ ಬೀಳುತ್ತದೆ. ಮನೆಯ ಒಲೆ ಮಾತ್ರವಲ್ಲ, ಬಸ್ಸು, ಲಾರಿ, ಕಾರ್ಖಾನೆ, ಗೊಬ್ಬರ, ಸಿಮೆಂಟು ಎಲ್ಲ ಸೇರಿ. ಅದನ್ನು ಕಟ್ಟಿಗೆಗೆ ತಿರುಗಿಸಿದರೆ ಒಬ್ಬರಿಗೆ ವರ್ಷಕ್ಕೆ ಒಂದೂ ಮುಕ್ಕಾಲು ಟನ್ನಿಗೆ ಸ್ವಲ್ಪ ಕಡಿಮೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ಗುಣಿಸಿದರೆ ವರ್ಷಕ್ಕೆ ಸುಮಾರು 24 ಲಕ್ಷ ಟನ್ ಒಣ ಕಟ್ಟಿಗೆ. ಜಿಲ್ಲೆಯ ವಿಸ್ತೀರ್ಣ ಹತ್ತೂಕಾಲು ಲಕ್ಷ ಹೆಕ್ಟೇರ್. ಅಂದರೆ ಪ್ರತಿ ಹೆಕ್ಟೇರಿನಿಂದ, ಪ್ರತಿ ವರ್ಷ, ಎರಡೂಕಾಲು ಟನ್ನಿಗೂ ಮೇಲೆ ತೆಗೆಯುತ್ತಲೇ ಇರಬೇಕು.

ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ ಅನ್ನಿಸುವುದಿಲ್ಲ. ಆದರೆ ‘ಪ್ರತಿ ಹೆಕ್ಟೇರ್’ ಅಂದಾಗ ಅದರಲ್ಲಿ ಏನೇನು ಬಂತು ನೋಡಿ. ಸೂಪಾ ಅಣೆಕಟ್ಟಿನ ಹಿನ್ನೀರು ಬಂತು. ಸುಮಾರು 1,300 ಚದರ ಕಿಲೋಮೀಟರಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಬಂತು. ಗದ್ದೆ, ರಸ್ತೆ, ಪೇಟೆ, ಕರಾವಳಿಯ ಗಜನಿ ಎಂಬ ಉಪ್ಪುನೀರಿನ ಗದ್ದೆ, ಬೋಳು ಜಂಬಿಟ್ಟಿಗೆಯ ಬಯಲು ಎಲ್ಲವೂ ಬಂತು. ಹದಗೆಟ್ಟ ಮೈನರ್ ಫಾರೆಸ್ಟಿನಲ್ಲಿ, ಅಂದರೆ ಊರವರ ಬಳಕೆಗೆ ಬಿಟ್ಟ ಕಾಡಿನಲ್ಲಿ, ಕಟ್ಟಿಗೆ ಬೆಳೆಯುವುದೇ ಹೆಕ್ಟೇರಿಗೆ ವರ್ಷಕ್ಕೆ ಒಂದೆರಡು ಟನ್. ಇನ್ನು ನಮ್ಮದು ವಿರಳ ಜನವಸತಿಯ, ದಟ್ಟ ಮಳೆಯ ಜಿಲ್ಲೆ. ಇದೇ ಲೆಕ್ಕವನ್ನು ಇಡೀ ಕರ್ನಾಟಕಕ್ಕೆ ಹಾಕಿದರೆ ಹೆಕ್ಟೇರಿಗೆ ಐದು ಟನ್ನಿನ ಮೇಲೆ ಹೋಗುತ್ತದೆ, ರಾಯಚೂರು, ಚಿತ್ರದುರ್ಗದ ಒಣ ಹೊಲವನ್ನೂ ಸೇರಿಸಿ. ಹಾಗಾಗಿ ‘ಎಲ್ಲ ಇಂಧನವೂ ನೆಲದಿಂದಲೇ’ ಎನ್ನುವುದು ರಾಜ್ಯಕ್ಕಂತೂ ಆಗದ ಮಾತು. ನಮ್ಮ ಜಿಲ್ಲೆಗೆ ಕಾಗದದ ಮೇಲೆ ಆಗಬಹುದು, ಕಾಡು ಮಾತ್ರ ಉಳಿಯುವುದಿಲ್ಲ.

ಕರೆಂಟಿನ ಪ್ರಶ್ನೆಯನ್ನು ಬೇರೆಯಾಗಿ ನೋಡೋಣ, ಯಾಕೆಂದರೆ ಜನ ಮೊದಲು ಕೇಳುವುದೇ ಅದನ್ನು. ಅಳತೆಗೋಲಾಗಿ ನಮ್ಮ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರ ತೆಗೆದುಕೊಳ್ಳುತ್ತೇನೆ. ಅದು ಬೇಕಿತ್ತೋ ಬೇಡವಾಗಿತ್ತೋ ಎಂಬ ಚರ್ಚೆ ಇವತ್ತಿನದಲ್ಲ. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಒಟ್ಟು 880. ವರ್ಷದ ನೂರಕ್ಕೆ 80 ಪಾಲು ಹೊತ್ತು ಓಡಿದವು ಅಂದುಕೊಂಡರೆ ಸುಮಾರು 616 ಕೋಟಿ ಯೂನಿಟ್. ಇಷ್ಟನ್ನೇ ಕಟ್ಟಿಗೆ ಸುಟ್ಟು ಮಾಡಬೇಕಾದರೆ, ಒಳ್ಳೆಯ ಬಾಯ್ಲರು, ಒಳ್ಳೆಯ ಟರ್ಬೈನಿನಲ್ಲಿ ಯೂನಿಟ್ಟಿಗೆ ಒಂದು ಕಿಲೋ ಅಂತ ಹಿಡಿದರೂ 61 ಲಕ್ಷ ಟನ್ ಮೀರುತ್ತದೆ. ಚೆನ್ನಾಗಿ ಬೆಳೆದ ಅಕೇಶಿಯಾ ತೋಪು ಹೆಕ್ಟೇರಿಗೆ ವರ್ಷಕ್ಕೆ 5ರಿಂದ 10 ಟನ್ ಕೊಡಬಹುದು. 8 ಅಂತ ಹಿಡಿಯಿರಿ. ಆಗ ಬೇಕಾಗುವುದು 7.7 ಲಕ್ಷ ಹೆಕ್ಟೇರ್. ಜಿಲ್ಲೆಯ ಕಾಡು ಪೂರ್ತಿ ಕಡಿದು ಅಕೇಶಿಯಾ ನೆಟ್ಟರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ಎಲೆಯ ಕೆಲಸವೇ ಹಾಗೆ. ಒಂದು ಹೆಕ್ಟೇರಿನ ಮೇಲೆ ವರ್ಷಕ್ಕೆ ಬೀಳುವ ಬಿಸಿಲನ್ನು ಯೂನಿಟ್ಟಿನಲ್ಲಿ ಹೇಳಿದರೆ ಸುಮಾರು ಒಂದು ಕೋಟಿ 80 ಲಕ್ಷ. 8 ಟನ್ ಕಟ್ಟಿಗೆಯಲ್ಲಿ ಉಳಿಯುವುದು ಸುಮಾರು 33 ಸಾವಿರ, ನೂರಕ್ಕೆ ಕಾಲು ಪಾಲೂ ಇಲ್ಲ. ಅದನ್ನು ಸುಟ್ಟು ಕರೆಂಟ್ ಮಾಡಿದರೆ ಉಳಿದದ್ದು ಎಂಟು ಸಾವಿರ ಯೂನಿಟ್. ಅದೇ ಹೆಕ್ಟೇರಿನ ಮೇಲೆ ಸೋಲಾರ್ ಹಲಗೆ ಹಾಕಿದರೆ, ಒಂದು ಮೆಗಾವಾಟಿಗೆ ನಾಲ್ಕೈದು ಎಕರೆ, ವರ್ಷಕ್ಕೆ 15 ಲಕ್ಷ ಯೂನಿಟ್ ಲೆಕ್ಕದಲ್ಲಿ, ಏಳೂವರೆ ಲಕ್ಷದ ಹತ್ತಿರ ಬರುತ್ತದೆ. ಸುಮಾರು ನೂರು ಪಟ್ಟು ವ್ಯತ್ಯಾಸ. ಹಾಗಂತ ಕಾಡು ಕಡಿದು ಹಲಗೆ ಹಾಕಿ ಎನ್ನುತ್ತಿಲ್ಲ, ಹಲಗೆಗೆ ಮನೆಯ ಮಾಡು, ಅಡಿಕೆ ಒಣಗಿಸುವ ಅಟ್ಟದ ಮಾಡು, ಸಹಕಾರಿ ಸಂಘದ ಗೋದಾಮಿನ ಮಾಡು ಸಾಕು. ಹೇಳಬೇಕಾದದ್ದು ಇಷ್ಟು: ಕರೆಂಟಿಗಾಗಿ ಮರ ಬೆಳೆಸುವುದು ನೆಲವನ್ನು ಬಳಸುವ ಅತ್ಯಂತ ದುಬಾರಿ ದಾರಿ.

ಕಟ್ಟಿಗೆಗೆ ಒಂದು ಗುಣ ಇದೆ, ಅದನ್ನು ಮರೆಯಬಾರದು. ಅದು ಕೂಡಿಟ್ಟ ಬಿಸಿಲು. ಜುಲೈ ತಿಂಗಳಲ್ಲಿ ಸೂರ್ಯ ಎಂಟು ದಿನ ಮುಖ ತೋರಿಸದಿದ್ದರೂ ಕಟ್ಟಿಗೆ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತಿರುತ್ತದೆ. ಮಲೆನಾಡಿನಲ್ಲಿ ಶಾಖ ಅತಿ ಹೆಚ್ಚು ಬೇಕಾಗುವುದೂ ಆಗಲೇ. ಹಾಗಾಗಿ ಅದನ್ನು ಯಾವ ಕೆಲಸಕ್ಕೆ ಬಳಸಬೇಕು ಎಂಬ ತೀರ್ಮಾನ ಇಲ್ಲೇ ಇದೆ: ಶಾಖಕ್ಕೆ, ಹತ್ತಿರದಲ್ಲಿ, ಮಳೆಗಾಲಕ್ಕೆ.

ಆದರೂ ಗ್ಯಾಸಿಫೈಯರ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ, ವಿದ್ಯಾರ್ಥಿಗಳಂತೂ ಕೇಳಲೇಬೇಕು. ಕಟ್ಟಿಗೆಗೆ ಪೂರ್ತಿ ಗಾಳಿ ಕೊಡದೆ ಅರೆಬರೆ ಉರಿಸಿದರೆ ಉರಿಯುವ ಅನಿಲ ಹುಟ್ಟುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ ತಲಾ ನೂರಕ್ಕೆ 18–20 ಪಾಲು, ಅರ್ಧದಷ್ಟು ಬರೀ ಸಾರಜನಕ. ಆ ಅನಿಲವನ್ನು ತಣಿಸಿ, ಸೋಸಿ ಎಂಜಿನ್ನಿಗೆ ಕೊಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇದನ್ನು ನಡೆಸಿ ತೋರಿಸಿದರು. ಮನೆಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಎಲ್ಲ ಊರ ಪಕ್ಕದ ಸಣ್ಣ ನೆಡುತೋಪಿನ ಕಟ್ಟಿಗೆಯಿಂದ. ತಂತ್ರ ನಿಜವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಮಲೆನಾಡಿನಲ್ಲಿ ಅದು ಎಲ್ಲಿ ಕೈಕೊಡುತ್ತದೆ ನೋಡಿ. 20 ಕಿಲೋವಾಟಿನ ಯಂತ್ರ ದಿನಕ್ಕೆ ಆರು ಗಂಟೆ ಓಡಿದರೆ 120 ಯೂನಿಟ್. ಯೂನಿಟ್ಟಿಗೆ 1.2 ಕಿಲೋ ಅಂದರೂ ದಿನಾ 145 ಕಿಲೋ ಕಟ್ಟಿಗೆ ಬೇಕು. ಅದೂ ಒಂದೆರಡು ಇಂಚಿನ ತುಂಡು ಮಾಡಿದ್ದು, ತೇವ 15ರಿಂದ 20 ಪಾಲಿನೊಳಗೆ ಇರುವುದು. ತುಂಡು ದೊಡ್ಡದಾದರೆ ಮೇಲಿನ ಡಬ್ಬಿಯಲ್ಲಿ ಒಂದಕ್ಕೊಂದು ಸಿಕ್ಕಿಬಿದ್ದು ಕೆಳಗೆ ಇಳಿಯುವುದಿಲ್ಲ, ಕೆಳಗೆ ಪೊಳ್ಳಾಗಿ ಉರಿ ಕೆಡುತ್ತದೆ. ಅಡಿಕೆ ಸಿಪ್ಪೆ ಹಾಕಿದರೆ ನಾರು ಹೆಣೆದುಕೊಂಡು ಇದೇ ಪಾಡು. ಭತ್ತದ ಹೊಟ್ಟು ಹಾಕಿದರೆ ಅದರ ಬೂದಿ ನೂರಕ್ಕೆ 15–20 ಪಾಲು, ಬಹುತೇಕ ಸಿಲಿಕಾ. ಕಟ್ಟಿಗೆಗೆ ಮಾಡಿದ ಯಂತ್ರದಲ್ಲಿ ಅದು ಗಟ್ಟಿಕಟ್ಟಿ ಜಾಲರಿ ಮುಚ್ಚುತ್ತದೆ, ಹೊಟ್ಟಿಗೆ ಬೇರೆಯದೇ ವಿನ್ಯಾಸ ಬೇಕು. ಇನ್ನು ತೇವ. ಮಳೆಗಾಲದಲ್ಲಿ ಮಾಡಿನ ಕೆಳಗೆ ಪೇರಿಸಿಟ್ಟ ಕಟ್ಟಿಗೆಯೂ ಗಾಳಿಯ ನೀರು ಕುಡಿಯುತ್ತದೆ. ತೇವದ ಕಟ್ಟಿಗೆ ಹಾಕಿದರೆ ಒಳಗಿನ ಬಿಸಿ ಇಳಿಯುತ್ತದೆ, ಸಾವಿರ ಡಿಗ್ರಿಯ ಹತ್ತಿರ ಇರಬೇಕಾದ ಕಡೆ ಇಲ್ಲದೆ ಹೋದರೆ ಕಟ್ಟಿಗೆಯಿಂದ ಏಳುವ ಅಂಟು ಡಾಂಬರು ಒಡೆಯದೆ ಅನಿಲದ ಜೊತೆಗೇ ಹೊರಡುತ್ತದೆ. ಸೋಸುವ ಮರಳು ಕಪ್ಪಾಗಿ ಕಟ್ಟಿಕೊಳ್ಳುತ್ತದೆ, ಎಂಜಿನ್ನಿನ ವಾಲ್ವ್ ಅಂಟುತ್ತದೆ. ಎಂಜಿನ್ನಿನ ಹೊಗೆಯ ಬಿಸಿಯಲ್ಲೇ ಮರುದಿನದ ಕಟ್ಟಿಗೆ ಒಣಗಿಸುವ ಏರ್ಪಾಟು ಇಲ್ಲದಿದ್ದರೆ ನಮ್ಮಲ್ಲಿ ಇದು ವರ್ಷಕ್ಕೆ ಏಳೆಂಟು ತಿಂಗಳ ಯಂತ್ರ. ಇನ್ನೆರಡು ಎಚ್ಚರಿಕೆ. ಅನಿಲ ತೊಳೆದ ನೀರಿನಲ್ಲಿ ಫಿನಾಲ್ ಎಂಬ ವಿಷ ಇರುತ್ತದೆ, ಅದನ್ನು ಹಳ್ಳಕ್ಕೆ ಬಿಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಂತ್ರವನ್ನು ನಾಲ್ಕು ಗೋಡೆಯ ಕೋಣೆಯಲ್ಲಿ ಇಟ್ಟರೆ ಪ್ರಾಣಕ್ಕೇ ಅಪಾಯ.

ಹಾಗಾದರೆ ಕರೆಂಟಿಗೆ ಜೈವಿಕ ಇಂಧನ ಎಲ್ಲೂ ಸಲ್ಲದೆ? ಒಂದು ಕಡೆ ಸಲ್ಲುತ್ತದೆ, ಹಳಿಯಾಳದ ಕಬ್ಬಿನಲ್ಲಿ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಬಗಾಸ್, ಅಂದರೆ ಕಬ್ಬಿನ ಸಿಪ್ಪೆ, ಉಳಿಯುತ್ತದೆ, ಅರ್ಧ ತೇವ. ಅದು ಕಾರ್ಖಾನೆಯ ಅಂಗಳಕ್ಕೆ ಕಬ್ಬಿನ ಜೊತೆಗೇ ಬಂದಿರುತ್ತದೆ, ಆರಿಸುವ, ಸಾಗಿಸುವ ಖರ್ಚು ಇಲ್ಲ. ಅದರ ಹಬೆ ಮೊದಲು ಟರ್ಬೈನ್ ತಿರುಗಿಸಿ, ಆಮೇಲೆ ಕಬ್ಬಿನ ರಸ ಕುದಿಸುತ್ತದೆ. ಒಂದೇ ಶಾಖ ಎರಡು ಕೆಲಸ ಮಾಡುವುದರಿಂದ ಲೆಕ್ಕ ಕೂಡಿಬರುತ್ತದೆ. ನಮ್ಮ ಆಲೆಮನೆಯಲ್ಲಿ ಒಣಗಿದ ಕಬ್ಬಿನ ಸಿಪ್ಪೆಯಿಂದಲೇ ಬೆಲ್ಲ ಕಾಯಿಸುವುದೂ ಇದೇ ಬುದ್ಧಿ.

ಈಗ ತೋಟಕ್ಕೆ ಬರೋಣ. ಒಂದು ಹೆಕ್ಟೇರ್ ಅಡಿಕೆ ತೋಟದಲ್ಲಿ ಸೋಗೆ ಅಂದರೆ ಬಿದ್ದ ಗರಿ, ಹಾಳೆ, ಅಡಿಕೆ ಗೊನೆಯ ಕಡ್ಡಿ, ಸಿಪ್ಪೆ ಎಲ್ಲ ಸೇರಿ ವರ್ಷಕ್ಕೆ ಐದೂವರೆಯಿಂದ ಆರು ಟನ್ ಒಣ ಪದಾರ್ಥ ಬೀಳುತ್ತದೆ. ‘ಇದೆಲ್ಲ ತ್ಯಾಜ್ಯ, ಕಾರ್ಖಾನೆಗೆ ಕೊಟ್ಟರೆ ದುಡ್ಡು’ ಎಂದು ಯೋಜನೆಗಳಲ್ಲಿ ಬರೆದಿರುತ್ತದೆ. ತ್ಯಾಜ್ಯ ಎಂಬ ಆ ಮಾತನ್ನು ನಾನು ಒಪ್ಪುವುದಿಲ್ಲ. ಸೋಗೆ ತೋಟದ ನೆಲ ಮುಚ್ಚುತ್ತದೆ. ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿಯದಂತೆ ತಡೆಯುತ್ತದೆ, ಬೇಸಿಗೆಯಲ್ಲಿ ತೇವ ಉಳಿಸುತ್ತದೆ, ಕೊಳೆತು ಮಣ್ಣಾಗುತ್ತದೆ. ಘಟ್ಟದ ಮೇಲೆ ಎರಡೂವರೆ ಸಾವಿರ, ಕರಾವಳಿಯಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ನಮ್ಮ ಕೆಂಪು ಮಣ್ಣಿನ ಸತ್ವವನ್ನು ತೊಳೆದು ಒಯ್ಯುತ್ತಲೇ ಇರುತ್ತದೆ. ಅದನ್ನು ಮರಳಿ ತುಂಬುವುದಕ್ಕೇ ಹಿರಿಯರು ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ವ್ಯವಸ್ಥೆ ಕಟ್ಟಿಕೊಂಡದ್ದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ. ಇಷ್ಟೊಂದು ಬೆಟ್ಟ ಒಂದು ಎಕರೆ ತೋಟಕ್ಕೆ ಬೇಕು ಎಂದಾದರೆ ಈ ಮಣ್ಣು ಎಷ್ಟು ಬೇಗ ಬಡವಾಗುತ್ತದೆ ಎಂದು ನೀವೇ ಅಂದಾಜು ಮಾಡಿ. ಸೋಗೆ, ದರಕು (ಉದುರಿದ ಒಣ ಎಲೆ), ಸೊಪ್ಪನ್ನು ಲಾರಿಗೆ ಹೇರಿ ಕಳಿಸಿದರೆ ಆ ಸಾರವನ್ನು ಮತ್ತೆ ಚೀಲದ ಗೊಬ್ಬರವಾಗಿ ಕೊಂಡು ತರಬೇಕು. ಆ ಚೀಲ ತಯಾರಾಗುವುದೂ ಇಂಧನ ಸುಟ್ಟೇ.

ಇಲ್ಲಿ ಒಂದು ಸರಳ ನಿಯಮ ಇಟ್ಟುಕೊಳ್ಳಬಹುದು. ಮರದಲ್ಲಿ ಪೋಷಕಾಂಶ ಹೆಚ್ಚಿರುವುದು ಎಲೆಯಲ್ಲಿ, ಎಳೆ ಕಡ್ಡಿಯಲ್ಲಿ, ತೊಗಟೆಯಲ್ಲಿ. ಗಟ್ಟಿ ಕಟ್ಟಿಗೆಯಲ್ಲಿ ಕಡಿಮೆ, ಅಲ್ಲಿರುವುದು ಮುಖ್ಯವಾಗಿ ಶಾಖ. ಆದ್ದರಿಂದ ಹೆಬ್ಬೆರಳಿಗಿಂತ ದಪ್ಪದ್ದು ಒಲೆಗೆ, ಸಣ್ಣದ್ದೆಲ್ಲ ನೆಲಕ್ಕೆ. ಸುಟ್ಟಾಗ ಸಾರಜನಕ ಗಾಳಿಗೆ ಹೋಗುತ್ತದೆ, ಪೊಟ್ಯಾಷ್, ಸುಣ್ಣ, ರಂಜಕ ಬೂದಿಯಲ್ಲಿ ಉಳಿಯುತ್ತವೆ. ಒಲೆಯ ಬೂದಿಯನ್ನು ಮಳೆಗೆ ಒಡ್ಡದೆ ಡಬ್ಬಿಯಲ್ಲಿ ಇಟ್ಟು ತೋಟಕ್ಕೆ ತೆಳ್ಳಗೆ ಎರಚಬೇಕು. ಹುಳಿ ಮಣ್ಣಿಗೆ ಅದು ಒಳ್ಳೆಯದು. ಸಗಣಿ, ಗಂಜಲದ ಜೊತೆ ಮಾತ್ರ ಬೆರೆಸಬೇಡಿ, ಬೂದಿಯ ಕ್ಷಾರಕ್ಕೆ ಅಮೋನಿಯಾ ಎದ್ದು ಹೋಗುತ್ತದೆ.

ಅಡಿಕೆ ಸಿಪ್ಪೆ ಮಾತ್ರ ಬೇರೆ ವಿಷಯ. ಅದು ಬೇಗ ಕೊಳೆಯುವುದಿಲ್ಲ, ರಾಶಿ ಬಿದ್ದಿರುತ್ತದೆ, ಅಡಿಕೆ ಸುಲಿಯುವ ಕಡೆ ಒಟ್ಟಾಗಿಯೇ ಸಿಗುತ್ತದೆ. ಇದನ್ನು ಒತ್ತಿ ಇಂಧನದ ಇಟ್ಟಿಗೆ ಮಾಡಬಹುದು. ಅದಕ್ಕೆ ತೇವ 10–12 ಪಾಲಿಗೆ ಇಳಿಸಬೇಕು, ನುರಿಸಬೇಕು, ಒತ್ತಬೇಕು. ಟನ್ನಿಗೆ 50ರಿಂದ 100 ಯೂನಿಟ್ ಕರೆಂಟ್ ಹೋಗುತ್ತದೆ. ಹಾಗೇ ಸಾಗಿಸಲು ಹೋದರೆ ಹತ್ತು ಟನ್ ಹೊರುವ ಲಾರಿ ಎರಡು ಮೂರು ಟನ್ನಿಗೇ ತುಂಬಿಬಿಡುತ್ತದೆ, ಉಳಿದದ್ದು ಗಾಳಿ. ಅದಕ್ಕೇ ನನ್ನ ಸಲಹೆ, ಸಿಪ್ಪೆಯನ್ನು ಸುಲಿದ ಮನೆಯ ಒಲೆಯಲ್ಲೇ ಬಳಸಿ. ಕೆಂಪಡಿಕೆ ಮಾಡುವವರು ಬೇಯಿಸುವ ಹಂಡೆಯ ಕೆಳಗೆ ಕಟ್ಟಿಗೆಯ ಜೊತೆ ಬಳಸಬಹುದು. ಬೇಗ ಭಗ್ಗೆಂದು ಉರಿಯುವ ಪದಾರ್ಥವಾದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಬೇಕು.

ಕರಾವಳಿಯವರಿಗೆ ಎರಡು ಮಾತು. ತೆಂಗಿನ ಕರಟ ಅತ್ಯುತ್ತಮ ಇಂಧನ, ಆದರೆ ಅದರ ಇದ್ದಿಲಿಗೆ ಸಿಗುವ ಬೆಲೆ ಒಲೆಗಿಂತ ಹೆಚ್ಚು. ಗೇರು ಸಿಪ್ಪೆಗೆ ಶಾಖ ಜಾಸ್ತಿ, ಎಣ್ಣೆ ತೆಗೆಯದೆ ಸುಟ್ಟರೆ ಅದರ ಹೊಗೆ ಕಣ್ಣು, ಗಂಟಲು, ಬಾಯ್ಲರಿನ ಕೊಳವೆ ಮೂರನ್ನೂ ಹಾಳುಮಾಡುತ್ತದೆ. ಕಾರವಾರದ ಕಡಲತೀರದಲ್ಲಿ 19ನೇ ಶತಮಾನದಲ್ಲೇ ಉರುವಲಿಗೆಂದು ಗಾಳಿಮರ ನೆಟ್ಟಿದ್ದರು. ಮರಳಿನಲ್ಲಿ ಬೆಳೆದು, ಗಾಳಿ ತಡೆದು, ಐದಾರು ವರ್ಷಕ್ಕೆ ಕೊಯ್ಲಿಗೆ ಬರುವ ಮರ ಅದು. ಬೇರೇನೂ ಬಾರದ ಮರಳಿಗೆ ಅದು ಇವತ್ತಿಗೂ ಸರಿಯಾದ ಆಯ್ಕೆ.

ಅಕೇಶಿಯಾ ಬಗ್ಗೆಯೂ ಇದನ್ನೇ ಹೇಳುತ್ತೇನೆ. 1980ರ ದಶಕದಿಂದ ಅದನ್ನು ಜಿಲ್ಲೆಯ ತುಂಬ ನೆಟ್ಟಾಗಿದೆ. ಅಂಕೋಲಾ, ಕುಮಟಾ, ಹೊನ್ನಾವರದ ಬೋಳು ಜಂಬಿಟ್ಟಿಗೆ ಗುಡ್ಡದಲ್ಲಿ, ಊರಿಗೆ ಹತ್ತಿರ, ಉರುವಲಿಗೆ ಮಾತ್ರ ಎಂದು ಮಿತಿಯಲ್ಲಿ ಬೆಳೆಸಿದರೆ ತಪ್ಪಿಲ್ಲ. ಒಂದು ಟನ್ ಅಲ್ಲಿ ಸಿಕ್ಕಿದರೆ ಒಂದು ಟನ್ ಮಿಶ್ರ ಕಾಡು ಉಳಿಯುತ್ತದೆ. ಆದರೆ ಸೊಪ್ಪಿನಬೆಟ್ಟಕ್ಕೆ ಅದು ಸಲ್ಲದ ಮರ. ದನ ತಿನ್ನುವುದಿಲ್ಲ, ಎಲೆ ಬೇಗ ಕೊಳೆಯುವುದಿಲ್ಲ. 1983ರ ಸೆಪ್ಟೆಂಬರಿನಲ್ಲಿ ಇದೇ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತದ್ದು ಮಿಶ್ರ ಕಾಡು ಹೋಗಿ ಒಂದೇ ಜಾತಿಯ ತೋಪು ಬರುವುದನ್ನು ತಡೆಯಲಿಕ್ಕೆ. ಇಂಧನದ ಹೆಸರಿನಲ್ಲಿ ಅದೇ ಕೆಲಸ ಮತ್ತೆ ನಡೆಯಬಾರದು. ಬೆಟ್ಟದಲ್ಲಿ ಮತ್ತಿ, ಕಿಂದಳದಂಥ ಸೊಪ್ಪಿನ ಮರಗಳೇ ಇರಲಿ. ತೋಟದ ಬೇಲಿಗೆ ಗ್ಲಿರಿಸಿಡಿಯಾ ಹಾಕಿ, ವರ್ಷಕ್ಕೆ ಎರಡು ಸಲ ಸವರಿದರೆ ಸೊಪ್ಪು ತೋಟಕ್ಕೆ, ಬಲಿತ ಕೋಲು ಒಲೆಗೆ. ಕಡಿದಷ್ಟೂ ಚಿಗುರುವ ಗಿಡ ಅದು.

ಇಲ್ಲಿಯವರೆಗೆ ಬೆಳೆಯುವ ಲೆಕ್ಕ ಆಯಿತು. ಉರಿಸುವ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಗಣಿ ಇದೆ, ನಿಮ್ಮ ಬಚ್ಚಲ ಮನೆಯಲ್ಲಿ.

ಒಂದು ಹಂಡೆ, 100 ಲೀಟರ್ ನೀರು. 25 ಡಿಗ್ರಿಯಿಂದ 45ಕ್ಕೆ ಏರಿಸಬೇಕು. ನೀರಿಗೆ ಸೇರಬೇಕಾದ ಶಾಖ 8.4 ಮೆಗಾಜೂಲ್, ಅಂದರೆ ಅರ್ಧ ಕಿಲೋ ಒಣ ಕಟ್ಟಿಗೆಯ ಶಾಖಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಬಚ್ಚಲ ಒಲೆ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ 15 ಪಾಲನ್ನು ನೀರಿಗೆ ಮುಟ್ಟಿಸಿದರೆ ದೊಡ್ಡದು. ಹಾಗಾಗಿ ನಿಜವಾಗಿ ಸುಡುವುದು 3.7 ಕಿಲೋ. ಕಟ್ಟಿಗೆ ಹಸಿಯಿದ್ದರೆ ಏಳು ಕಿಲೋ. ವರ್ಷಕ್ಕೆ ಒಣದ್ದೇ ಆದರೂ 1,350 ಕಿಲೋ, ಸ್ನಾನಕ್ಕೆ ಮಾತ್ರ. ಒಲೆಯನ್ನು ಸರಿಯಾಗಿ ಕಟ್ಟಿ 35 ಪಾಲಿಗೆ ಏರಿಸಿದರೆ ದಿನಕ್ಕೆ 1.6 ಕಿಲೋ ಸಾಕು. ಒಂದು ಮನೆಯಲ್ಲಿ ವರ್ಷಕ್ಕೆ ಮುಕ್ಕಾಲು ಟನ್ ಉಳಿತಾಯ. ಒಂದು ಲಕ್ಷ ಮನೆಯಲ್ಲಿ 75 ಸಾವಿರ ಟನ್. 10 ಮೆಗಾವಾಟಿನ ಕಟ್ಟಿಗೆ ವಿದ್ಯುತ್ ಸ್ಥಾವರವೊಂದು ವರ್ಷಕ್ಕೆ ತಿನ್ನುವುದು 90 ಸಾವಿರ ಟನ್ನಿನಷ್ಟು. ಬಚ್ಚಲ ಒಲೆಗಳನ್ನು ಸರಿ ಮಾಡಿದರೆ ಅಷ್ಟು ದೊಡ್ಡ ರಾಶಿ ಕಾಡಿನಲ್ಲೇ ಉಳಿಯುತ್ತದೆ, ಲಾರಿ ಇಲ್ಲ, ತಂತಿ ಇಲ್ಲ.

ಹೇಗೆ ಕಟ್ಟಬೇಕು? ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ’ ಎಂಬ ಸುಧಾರಿತ ಒಲೆಯ ತತ್ವಗಳೇ ಇಲ್ಲಿಯೂ ಸಾಕು. ಒಂದು, ಕಟ್ಟಿಗೆ ನೆಲದ ಮೇಲೆ ಉರಿಯಬಾರದು. ಕಬ್ಬಿಣದ ಸರಳಿನ ಜಾಲರಿ ಕೂರಿಸಿ, ಕೆಳಗಿನಿಂದ ಗಾಳಿ ಬರಲಿ, ಬೂದಿ ಕೆಳಗೆ ಬೀಳಲಿ. ಎರಡು, ಕಟ್ಟಿಗೆ ತೂರಿಸುವ ಬಾಯಿ ಚಿಕ್ಕದಿರಲಿ, ದೊಡ್ಡ ಬಾಯಿಂದ ತಣ್ಣನೆ ಗಾಳಿ ನುಗ್ಗಿ ಶಾಖ ಹೊರಹಾಕುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಜನ ಸಾಮಾನ್ಯವಾಗಿ ತಪ್ಪುವುದೂ ಅಲ್ಲೇ: ಹಂಡೆಗೂ ಸುತ್ತಲಿನ ಗೋಡೆಗೂ ನಡುವಿನ ಸಂದು ಸುತ್ತಲೂ ಒಂದು ಇಂಚಿನಷ್ಟೇ ಇರಬೇಕು. ಬಿಸಿ ಹೊಗೆ ಹಂಡೆಯ ಮೈಯನ್ನು ಉಜ್ಜಿಕೊಂಡು ಮೇಲೇರಬೇಕು. ಸಂದು ಮೂರು ನಾಲ್ಕು ಇಂಚಾದರೆ ಹೊಗೆ ಹಂಡೆಯನ್ನು ಮುಟ್ಟದೆ ನೇರ ಚಿಮಣಿಗೆ ಹೋಗುತ್ತದೆ, ಅರ್ಧ ಇಂಚಾದರೆ ಮಸಿ ಕಟ್ಟಿ ಹೊಗೆ ಒಳಗೇ ತಿರುಗುತ್ತದೆ. ನಾಲ್ಕು, ನಾಲ್ಕು ಇಂಚಿನ ಚಿಮಣಿ, ಮಾಡಿನ ಮೇಲೆ ಎರಡು ಅಡಿ ಏರಿರಬೇಕು, ತುದಿಗೆ ಮಳೆಯ ಟೋಪಿ. ಕೊಳವೆ ಮಾಡನ್ನು ದಾಟುವ ಕಡೆ ಮರದ ರೀಪು, ಸೋಗೆ ತಾಗದಂತೆ ತಗಡಿನ ತೋಳು ಹಾಕಬೇಕು, ಬೆಂಕಿ ಹಿಡಿಯುವುದು ಅಲ್ಲಿಯೇ. ಹಂಡೆಗೆ ಮುಚ್ಚಳ ಇರಲಿ. ಇಷ್ಟಾದ ಮೇಲೂ ಆರು ತಿಂಗಳಿಗೆ ‘ಒಲೆ ಹೊಗೆ ಎಳೆಯುವುದಿಲ್ಲ’ ಎಂಬ ದೂರು ಬರುತ್ತದೆ. ಬಹುತೇಕ ಎಲ್ಲ ಕಡೆ ಕಾರಣ ಒಂದೇ, ಹಸಿ ಕಟ್ಟಿಗೆಯ ಡಾಂಬರು ಚಿಮಣಿಯೊಳಗೆ ಕಟ್ಟಿಕೊಂಡಿರುತ್ತದೆ. ತಿಂಗಳಿಗೊಮ್ಮೆ ಚಿಮಣಿಯನ್ನೂ, ವಾರಕ್ಕೊಮ್ಮೆ ಹಂಡೆಯ ಹೊರಮೈಯನ್ನೂ ಕೆರೆಯಬೇಕು.

ಮಾಡಿನ ಮೇಲೆ ಸೋಲಾರ್ ನೀರು ಕಾಯಿಸುವ ವ್ಯವಸ್ಥೆ ಇದ್ದವರು ಅಕ್ಟೋಬರಿನಿಂದ ಮೇವರೆಗೆ ಹಂಡೆಗೆ ಬೆಂಕಿ ಹಾಕುವುದೇ ಬೇಡ. ಆಗ ಕಟ್ಟಿಗೆ ಮಳೆಗಾಲಕ್ಕೆ ಮಾತ್ರ ಉಳಿಯುತ್ತದೆ.

ಒಣಗಿಸುವ ಕೆಲಸದಲ್ಲೂ ಇದೇ ಕಥೆ. ಹುಳಿ ಸಿಪ್ಪೆಗಾಗಿ ಆರಿಸುವ ಕಾಡುಕಾಯಿ ಉಪ್ಪಾಗೆಯನ್ನು ನೋಡಿ. ಕಾಯಿ ಬರುವುದೇ ಮಳೆಗಾಲದಲ್ಲಿ, ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಒಂದು ಕಿಲೋ ಒಣ ಸಿಪ್ಪೆಗೆ ಐದಾರು ಕಿಲೋ ಹಸಿ ಸಿಪ್ಪೆ ಬೇಕು, ಅಂದರೆ ನಾಲ್ಕೂವರೆ ಐದು ಕಿಲೋ ನೀರನ್ನು ಆವಿ ಮಾಡಬೇಕು. ಅದಕ್ಕೆ ಬೇಕಾದ ಶಾಖ ಸುಮಾರು 12 ಮೆಗಾಜೂಲ್, ಒಂದು ಕಿಲೋಗಿಂತ ಕಡಿಮೆ ಕಟ್ಟಿಗೆಯಲ್ಲಿ ಇರುವಷ್ಟು. ತೆರೆದ ಅಟ್ಟದ ಕೆಳಗೆ ಬೆಂಕಿ ಹಾಕಿದರೆ ನೂರಕ್ಕೆ 10 ಪಾಲು ಶಾಖ ಸಿಪ್ಪೆಗೆ ಸಿಕ್ಕರೆ ಹೆಚ್ಚು, ಹಾಗಾಗಿ ಎಂಟು ಕಿಲೋ ಕಟ್ಟಿಗೆ ಸುಡುತ್ತದೆ. ಸುತ್ತ ಗೋಡೆ ಕಟ್ಟಿ, ಹೊಗೆಯನ್ನು ಕೊಳವೆಯಲ್ಲಿ ಹಾಯಿಸಿ, ಕೊಳವೆಗೆ ತಾಗಿದ ಬಿಸಿಗಾಳಿಯನ್ನು ಮಾತ್ರ ತಟ್ಟೆಗಳ ನಡುವೆ ಏರಿಸಿದರೆ ಎರಡೂವರೆ ಕಿಲೋ ಸಾಕು. ಸಿಪ್ಪೆಗೆ ಹೊಗೆ ವಾಸನೆಯೂ ಹಿಡಿಯುವುದಿಲ್ಲ.

ಅಡುಗೆಗೆ ಬಂದರೆ, ಗ್ಯಾಸ್ ಬಿಟ್ಟು ಕಟ್ಟಿಗೆಗೆ ಮರಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಗೆ ತುಂಬಿದ ಅಡುಗೆಮನೆಯ ಬೆಲೆಯನ್ನು ತಲೆಮಾರುಗಳಿಂದ ಹೆಂಗಸರ ಕಣ್ಣು, ಶ್ವಾಸಕೋಶಗಳೇ ತೆತ್ತಿವೆ. ಕೊಟ್ಟಿಗೆಯಲ್ಲಿ ದನ ಇದ್ದವರಿಗೆ ಗೋಬರ್ ಗ್ಯಾಸ್ ಇದೆ, ಶಿರಸಿ ಸೀಮೆ ಇದರಲ್ಲಿ ಮೊದಲಿನಿಂದ ಮುಂದು. ಎರಡು ಘನ ಮೀಟರಿನ ಘಟಕಕ್ಕೆ ದಿನಾ 50 ಕಿಲೋ ಸಗಣಿ, ಅಷ್ಟೇ ನೀರು. ಸಿಗುವ ಅನಿಲ ಸುಮಾರು 0.9 ಕಿಲೋ ಅಡುಗೆ ಗ್ಯಾಸಿಗೆ ಸಮ, ಅಂದರೆ 14.2 ಕಿಲೋದ ಒಂದು ಸಿಲಿಂಡರ್ 16 ದಿನಕ್ಕೆ ಬಂದಂತೆ. ಮೇಲಾಗಿ ಸಗಣಿಯ ಸಾರಜನಕ ಘಟಕದಿಂದ ಹೊರಬರುವ ಸ್ಲರಿಯಲ್ಲೇ ಉಳಿದು ತೋಟಕ್ಕೆ ಹೋಗುತ್ತದೆ. ಶಾಖವೂ ಸಿಕ್ಕಿ ಗೊಬ್ಬರವೂ ಉಳಿಯುವ ದಾರಿ ಇದೊಂದೇ, ಅದಕ್ಕೇ ನನಗೆ ಇದರ ಮೇಲೆ ಎಲ್ಲಕ್ಕಿಂತ ಹೆಚ್ಚು ಭರವಸೆ.

ಅನಿಲ ಕಡಿಮೆಯಾಯಿತು ಎಂದಾಗ ಗುಮ್ಮಟ ಬಿರುಕು ಬಿಟ್ಟಿದೆ ಎಂದು ತೀರ್ಮಾನಿಸುವ ಮೊದಲು ಇವನ್ನು ನೋಡಿ. ಕೊಟ್ಟಿಗೆ ತೊಳೆದ ನೀರೆಲ್ಲ ಒಳಗೆ ಹೋಗುತ್ತಿದೆಯೇ? ನೀರು ಹೆಚ್ಚಾದರೆ ಸಗಣಿ 40 ದಿನ ನಿಲ್ಲಬೇಕಾದ್ದು ಇಪ್ಪತ್ತೇ ದಿನಕ್ಕೆ ಹೊರಗೆ ಬರುತ್ತದೆ. ಫಿನಾಯಿಲ್ ಸೇರುತ್ತಿದೆಯೇ? ಸೂಕ್ಷ್ಮಜೀವಿ ಸಾಯುತ್ತವೆ. ಹುಲ್ಲು, ದರಕು ಸೇರಿದರೆ ಮೇಲೆ ಕೆನೆಗಟ್ಟಿ ಅನಿಲ ಏಳುವುದಿಲ್ಲ. ಒಲೆಯ ಉರಿ ಕುಣಿಯುತ್ತಿದ್ದರೆ ಕೊಳವೆಯಲ್ಲಿ ನೀರು ನಿಂತಿದೆ ಎಂದರ್ಥ. ಕೊಳವೆಗೆ ಒಂದೇ ಕಡೆ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ತೆಗೆಯುವ ನಲ್ಲಿ ಇಡಬೇಕು. ಮಳೆಗಾಲದಲ್ಲಿ ಮಣ್ಣು ತಣಿದಾಗ ಅನಿಲ ಇಳಿಯುವುದು ಸಹಜ, ಸಗಣಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದರೆ ಸ್ವಲ್ಪ ಸುಧಾರಿಸುತ್ತದೆ. ಹೊಸ ಘಟಕದ ಮೊದಲ ಅನಿಲ ಹತ್ತದಿದ್ದರೆ ಗಾಬರಿ ಬೇಡ, ಅದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಒಂದೆರಡು ಸಲ ಬಯಲಿಗೆ ಬಿಟ್ಟುಬಿಡಿ.

ಕೊನೆಯದಾಗಿ, ಖರ್ಚಿಲ್ಲದೆ ನಾಳೆಯಿಂದಲೇ ಮಾಡಬಹುದಾದದ್ದು ಕಟ್ಟಿಗೆಯ ತೇವ ಇಳಿಸುವುದು. ಜನವರಿಯೊಳಗೆ ಕಡಿದು, ಸೀಳಿ, ನೆಲದಿಂದ ಅರ್ಧ ಅಡಿ ಎತ್ತರದ ಅಡ್ಡಪಟ್ಟಿಯ ಮೇಲೆ, ಗಾಳಿ ಆಡುವಂತೆ ಅಡ್ಡ ಉದ್ದ ಪೇರಿಸಿ. ಸೀಳದೆ ಇಟ್ಟ ದಿಮ್ಮಿ ತೊಗಟೆಯೊಳಗೆ ಮೇವರೆಗೂ ಹಸಿಯಾಗಿಯೇ ಇರುತ್ತದೆ. ಮೇ ಕೊನೆಗೆ ಮಾಡಿನ ಕೆಳಗೆ ಬರಬೇಕು. ಒಣಗಿದೆಯೇ ಎಂದು ತಿಳಿಯಲು ಒಂದು ಕಿಲೋ ಚಕ್ಕೆ ತೂಗಿ ತೆಗೆದು, ಒಲೆಯ ಪಕ್ಕದ ಬಿಸಿ ಕಟ್ಟೆಯ ಮೇಲೆ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 800 ಗ್ರಾಂ ಉಳಿದರೆ ತೇವ 20 ಪಾಲು, ಒಲೆಗೆ ಸರಿ. 700ಕ್ಕೆ ಇಳಿದರೆ ಇನ್ನೂ ಒಂದು ತಿಂಗಳ ಬಿಸಿಲು ಬೇಕು.